ವಿಳಾಸಗಳಿಂದ ಮ್ಯಾಪ್: ನನ್ನ ತರಗತಿಯ ಅನುಭವ

ಭೂಗೋಳದ ತರಗತಿಗೆ ನಾನು ಬಳಸುವುದು ಎರಡೇ: ಪಟ್ಟಿ ಬರೆಯಲು ಗೂಗಲ್ ಶೀಟ್ಸ್, ಆ ಪಟ್ಟಿಯಿಂದ ಮ್ಯಾಪ್ ಮಾಡಲು ಗೂಗಲ್ ಮೈ ಮ್ಯಾಪ್ಸ್. ದುಡ್ಡು ಕೊಡಬೇಕಿಲ್ಲ, ಕೋಡಿಂಗ್ ಗೊತ್ತಿರಬೇಕಿಲ್ಲ.

ಮ್ಯಾಪ್ ಮಾಡುವ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಸಮಯ ಹಿಡಿಯುವುದು ವಿಳಾಸಗಳ ಪಟ್ಟಿ. ನಿಜವಾದ ಪಾಠ ಇರುವುದೂ ಅಲ್ಲೇ ಅನ್ನುತ್ತೇನೆ ನಾನು. ಗ್ರಂಥಾಲಯ, ಅಂಚೆ ಕಚೇರಿ, ಆಸ್ಪತ್ರೆ ಹೀಗೆ ಸಾರ್ವಜನಿಕ ಜಾಗಗಳ ವಿಳಾಸ ಹುಡುಕಲು ಮಕ್ಕಳಿಗೆ ಹೇಳುತ್ತೇನೆ. ಒಬ್ಬರು ಬೀದಿಯ ಹೆಸರು ಪೂರ್ತಿ ಬರೆಯುತ್ತಾರೆ, ಇನ್ನೊಬ್ಬರು ಚುಟುಕಾಗಿಸುತ್ತಾರೆ, ಮತ್ತೊಬ್ಬರು ‘ಶಾಲೆಯ ಎದುರು’ ಅಂತ ಸೇರಿಸುತ್ತಾರೆ. ನಮಗೆ ಅರ್ಥವಾಗುತ್ತದೆ, ಕಂಪ್ಯೂಟರಿಗೆ ಆಗಬೇಕಲ್ವಾ? ಅದಕ್ಕೇ ಹೆಸರು, ಬೀದಿ, ಊರು, ಅಂಚೆ ಕೋಡ್, ದೇಶ ಬೇರೆ ಬೇರೆ ಕಾಲಂನಲ್ಲಿ. ‘ಎದುರು’, ‘ಪಕ್ಕ’ ಎಲ್ಲ ಟಿಪ್ಪಣಿ ಕಾಲಂಗೆ. ಜಾಗದ ಬಗೆಗೂ ಒಂದು ಕಾಲಂ ಇರಲಿ, ಮುಂದೆ ಬೇಕಾಗುತ್ತದೆ.

ಮೈ ಮ್ಯಾಪ್ಸ್‌ನಲ್ಲಿ ಹೊಸ ಮ್ಯಾಪ್ ತೆರೆದು ಶೀಟನ್ನು ಇಂಪೋರ್ಟ್ ಮಾಡಿ, ವಿಳಾಸದ ಕಾಲಂಗಳನ್ನು ಟಿಕ್ ಮಾಡಿದರೆ ಸಾಕು, ಆಯಾ ಜಾಗವನ್ನು ತೋರಿಸುವ ಪಿನ್‌ಗಳು ಬೀಳುತ್ತವೆ. ಮ್ಯಾಪಿನ ಒಂದು ಪದರಕ್ಕೆ, ಅಂದರೆ ಒಂದು ಲೇಯರ್‌ಗೆ 2,000 ಸಾಲುಗಳ ಮಿತಿ ಇದೆ. ತರಗತಿಗೆ ಧಾರಾಳವಾಯಿತು. ಬಗೆಯ ಕಾಲಂ ಆರಿಸಿದರೆ ಗ್ರಂಥಾಲಯಕ್ಕೊಂದು ಬಣ್ಣ, ಆಸ್ಪತ್ರೆಗೊಂದು ಬಣ್ಣ.

ಸಿಗದ ವಿಳಾಸಗಳನ್ನು ಮೈ ಮ್ಯಾಪ್ಸೇ ತೋರಿಸಿಕೊಡುತ್ತದೆ, ಅದು ದೊಡ್ಡ ತಲೆನೋವಲ್ಲ. ಸುಮ್ನೆ ತಪ್ಪು ಜಾಗಕ್ಕೆ ಹೋಗಿ ಕೂತ ಪಿನ್‌ಗಳೇ ಜಾಸ್ತಿ ಅಪಾಯ. ಒಂದೇ ಹೆಸರಿನ ಊರು ಬೇರೆ ದೇಶದಲ್ಲೂ ಇರುತ್ತದೆ. ಹಾಗಾಗಿ ಮೊದಲು ಮ್ಯಾಪನ್ನು ಪೂರ್ತಿ ಜೂಮ್ ಔಟ್ ಮಾಡಿಸುತ್ತೇನೆ. ದಾರಿ ತಪ್ಪಿದ ಪಿನ್ ಸಮುದ್ರದಾಚೆ ಕಂಡರೆ ಮಕ್ಕಳಿಗೆ ಖುಷಿಯೋ ಖುಷಿ.

ಮಕ್ಕಳ ಮನೆ ವಿಳಾಸ ಮಾತ್ರ ಹಾಕಿಸುವುದಿಲ್ಲ. ಎಲ್ಲೆಲ್ಲಿಂದ ಬರುತ್ತಾರೆ ಅಂತ ತೋರಿಸಲೇಬೇಕಾದರೆ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ಎರಡೇ ಸ್ಥಾನಕ್ಕೆ ಇಳಿಸುತ್ತೇನೆ. ಆಗ ಪಿನ್ ಸುಮಾರು ಒಂದು ಕಿಲೋಮೀಟರ್ ಅಳತೆಯ ಪ್ರದೇಶವನ್ನಷ್ಟೇ ಹೇಳುತ್ತದೆ.

ಮ್ಯಾಪ್ ಸಿದ್ಧವಾದ ಮೇಲೆ 1854ರ ಲಂಡನ್ ಕಥೆ. ಕಾಲರಾದಿಂದ ಸತ್ತವರ ವಿಳಾಸಗಳನ್ನು ಡಾ. ಜಾನ್ ಸ್ನೋ ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪ್ ಸುತ್ತ ಗುಂಪುಗೂಡಿದ್ದವು. ಆದರೆ ಅಲ್ಲೇ ಹತ್ತಿರವಿದ್ದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಸ್ವಂತ ಬಾವಿಯೂ ಇತ್ತು, ರೋಗ ಹರಡುತ್ತಿದ್ದ ಆ ಪಂಪಿನ ನೀರು ಬೇಕಿರಲಿಲ್ಲ.

ಇದನ್ನು ಕೇಳಿದ ಮಕ್ಕಳು ತಮ್ಮ ಮ್ಯಾಪಿನ ಖಾಲಿ ಜಾಗಗಳನ್ನು ನೋಡತೊಡಗುತ್ತಾರೆ. ಅಲ್ಲಿ ಗ್ರಂಥಾಲಯವೇ ಇಲ್ಲವೋ, ಪಟ್ಟಿಗೆ ಬರಲಿಲ್ಲವೋ? ಉತ್ತರ ಹುಡುಕಲು ಮತ್ತೆ ಶೀಟ್ ತೆರೆಯಬೇಕು.