ಕಂಪನಿಯ ಕರಾರಿಗೆ ಸಹಿ ಹಾಕುವ ಮೊದಲು

ಉಡುಪಿ ಕಡೆ ಹಡಿಲು ಗದ್ದೆ (ಬೇಸಾಯವಿಲ್ಲದೆ ಬಿಟ್ಟ ಗದ್ದೆ) ಕೇಳಿಕೊಂಡು ಕಂಪನಿಯವರು ಬಂದರೆ ಮೊದಲು ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 11ರಲ್ಲಿ ಸಾಲ ನೋಡಿ. ಕುಮ್ಕಿ, ಅಂದರೆ ನಿಮ್ಮ ಜಮೀನಿಗೆ ತಾಗಿ ನೀವು ಬಳಸುತ್ತಿರುವ ಜಾಗ, ಸರ್ಕಾರದ್ದು; ಕರಾರಿಗೆ ಸೇರಿಸಲೇಬೇಡಿ.

ಕರ್ನಾಟಕ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಗೇಣಿ 1974ರಲ್ಲೇ ರದ್ದಾಗಿದೆ. ಹಾಗಾಗಿ ಜಾಗ ಬಿಟ್ಟುಕೊಡುವ ಪತ್ರ ಬೇಡ, ಬೆಳೆ ಖರೀದಿಯ ಕರಾರು ಸಾಕು.

ಜಗಳ ಹುಟ್ಟುವುದು ತೇವಾಂಶದಲ್ಲಿ. ಅಕ್ಟೋಬರ್ ಮಳೆಗೆ ಸಿಕ್ಕ ಭತ್ತ ಸುಲಭವಾಗಿ ಶೇ. 17 ದಾಟುತ್ತದೆ, ಕಂಪನಿ ದರ ಇಳಿಸುತ್ತದೆ. ಮೀಟರ್ ಯಾರದು, ಅಳೆಯುವುದು ಅಂಗಳದಲ್ಲೋ ಗೋದಾಮಿನಲ್ಲೋ, ಪ್ರತಿ ಶೇಕಡಾಕ್ಕೆ ಕಡಿತವೆಷ್ಟು, ತೂಕ ಯಾವ ಕಾಟಾದಲ್ಲಿ, ಹಣ ಎಷ್ಟು ದಿನದೊಳಗೆ ಎಂಬುದೆಲ್ಲ ಬರಹದಲ್ಲಿರಲಿ. ‘ಗುಣಮಟ್ಟಕ್ಕೆ ತಕ್ಕ ದರ’ ಎಂದಷ್ಟೇ ಇದ್ದರೆ ದಯವಿಟ್ಟು ಸಹಿ ಹಾಕಬೇಡಿ. ಕನ್ನಡ ಪ್ರತಿ ಕೇಳಿ ಪಡೆಯಿರಿ.