ಡಿಜೆ ಬೇಡ, ಮದುವೆ ಮನೆಯ ಹಾಡು ನಾವೇ ಹಾಕೋಣ

ಆರತಕ್ಷತೆಗೆ ಡಿಜೆ ಕರೆಸುವುದು ಈಗ ಮಾಮೂಲಾಗಿದೆ. ಆದರೆ ಎಷ್ಟೋ ಮದುವೆಗಳಲ್ಲಿ ವಧೂವರರ ಹತ್ತಿರ ನಾಲ್ಕು ಮಾತಾಡಬೇಕೆಂದರೂ ಕಿವಿಯಲ್ಲಿ ಕೂಗಬೇಕು. ಸೌಂಡು ತಡೆಯಲಾರದೆ ಅಜ್ಜ ಅಜ್ಜಿಯರು ಬೇಗ ಎದ್ದು ಊಟದ ಹಾಲ್‌ಗೆ ಹೋಗಿಬಿಡುತ್ತಾರೆ. ಬಂದವರು ಯಾರು, ಅವರಿಗೆ ಯಾವ ಹಾಡು ಇಷ್ಟ ಅನ್ನುವುದು ಮನೆಯವರಿಗೆ ಗೊತ್ತಿರುವಷ್ಟು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇನ್ನೂರು ಮುನ್ನೂರು ಜನ ಸೇರುವ ಹಾಲ್‌ಗೆ ಒಂದು ಲ್ಯಾಪ್‌ಟಾಪ್, ಬಾಡಿಗೆಗೆ ತಂದ ಎರಡು ಸ್ಪೀಕರ್, ಹಾಡು, ಮೈಕ್ ಎಲ್ಲದರ ದನಿಯನ್ನೂ ಕೂಡಿಸಿ ಸ್ಪೀಕರ್‌ಗೆ ಕಳಿಸುವ ಒಂದು ಸಣ್ಣ ಮಿಕ್ಸರ್, ಎರಡು ಮೈಕ್ ಇದ್ದರೆ ಸಾಕು. ಇವುಗಳ ಜೊತೆಗೆ ಆ ಸಂಜೆ ಪೂರ್ತಿ ಅಲ್ಲಿ ಕೂರುವವರು ಒಬ್ಬರು ಬೇಕೇ ಬೇಕು.

ಮೊದಲು ಜನ, ಆಮೇಲೆ ಮಷೀನು

ಮದುಮಗ ತಾನೇ ನೋಡಿಕೊಳ್ಳುತ್ತೇನೆ ಅಂದರೆ ಒಪ್ಪಬೇಡಿ. ಮದುಮಗಳ ತಮ್ಮನೂ ಬೇಡ. ಗ್ರೂಪ್ ಫೋಟೊಗೆ, ಬೀಗರನ್ನು ಮಾತಾಡಿಸುವುದಕ್ಕೆ, ಕಾರಿನ ಕೀಗೆ ಅಂತ ಅವನನ್ನು ಯಾರಾದರೂ ಕರೆಯುತ್ತಲೇ ಇರುತ್ತಾರೆ. ಹಾಡಿನ ಮೇಲೆ ಪ್ರೀತಿ ಇರುವ ಗೆಳೆಯರೋ, ಸ್ವಲ್ಪ ದೂರದ ಸಂಬಂಧಿಗಳೋ ಆದರೆ ಒಳ್ಳೆಯದು. ಅವರು ಊಟಕ್ಕೆ ಎದ್ದಾಗ ಕೂರಲು ಇನ್ನೊಬ್ಬರನ್ನು ಮೊದಲೇ ಗೊತ್ತು ಮಾಡಿ. ಛತ್ರದ ಮ್ಯಾನೇಜರ್, ಪುರೋಹಿತರು, ವಾಲಗದವರು, ಫೋಟೊದವರು ಎಲ್ಲರಿಗೂ ಇವರ ಹೆಸರು, ಫೋನ್ ನಂಬರ್ ಕೊಟ್ಟುಬಿಡಿ. ಸೌಂಡ್ ಜಾಸ್ತಿ ಮಾಡಿ, ಕಡಿಮೆ ಮಾಡಿ, ಆ ಹಾಡು ಹಾಕಿ ಅಂತ ಹತ್ತು ಜನ ಹೇಳುತ್ತಾರೆ. ಕೈ ಹಾಕುವವರು ಮಾತ್ರ ಒಬ್ಬರೇ ಇರಬೇಕು.

ಛತ್ರವನ್ನು ಒಮ್ಮೆ ನೋಡಿ ಬನ್ನಿ

ಛತ್ರದಲ್ಲೇ ಮೈಕ್‌ಸೆಟ್ ಇದೆ ಅಂದರೆ ಹೋಗಿ ಒಂದು ಹಾಡು ಹಾಕಿ ಕೇಳಿ. ಗೋಡೆಗೆ ಹೊಡೆದಿರುವ ಸ್ಪೀಕರ್‌ಗಳು ಸಾಮಾನ್ಯವಾಗಿ ಮಾತಿಗೆ ಸರಿ, ಹಾಡಿಗೆ ಸಾಲದು. ಹಾಗಿದ್ದರೆ ಸೌಂಡ್‌ನವರ ಹತ್ತಿರ 12 ಇಂಚಿನ ಎರಡು ಪವರ್ಡ್ ಸ್ಪೀಕರ್, ಸ್ಟ್ಯಾಂಡ್, ಮಿಕ್ಸರ್ ಬಾಡಿಗೆಗೆ ಕೇಳಿ. ಪವರ್ಡ್ ಅಂದರೆ ಆಂಪ್ಲಿಫೈಯರ್ ಸ್ಪೀಕರಿನೊಳಗೇ ಇರುತ್ತದೆ. ಬೇರೆ ಪೆಟ್ಟಿಗೆ ಹೊರುವ ಕೆಲಸವಿಲ್ಲ.

ವೇದಿಕೆ ಹತ್ತಿರದ ಪ್ಲಗ್‌ಗೆ ಜನರೇಟರ್ ಲೈನ್ ಇದೆಯಾ ಅಂತ ಕೇಳಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಮಿಕ್ಸರ್ ಮತ್ತು ಸ್ಪೀಕರ್ ಆರಿಹೋಗುತ್ತವೆ. ಆಗ ತಕ್ಷಣ ಸ್ಪೀಕರ್‌ನ ಸ್ವಿಚ್ ಆಫ್ ಮಾಡಿ. ಇಲ್ಲದಿದ್ದರೆ ಜನರೇಟರ್ ಬಂದ ಕ್ಷಣ ‘ಧಡ್’ ಅಂತ ಶಬ್ದ ಬರುತ್ತದೆ, ಸ್ಪೀಕರ್ ಕೆಟ್ಟುಹೋಗಲೂಬಹುದು. ಇದೇ ಕಾರಣಕ್ಕೆ ಶುರು ಮಾಡುವಾಗ ಮಿಕ್ಸರ್ ಮೊದಲು, ಸ್ಪೀಕರ್ ಕೊನೆಗೆ. ಮುಗಿಸುವಾಗ ಸ್ಪೀಕರ್ ಮೊದಲು.

ಕಾನೂನಿನ ವಿಷಯ ಎರಡೇ ಇವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮನೆ ಮುಂದೆ ಚಪ್ಪರ ಹಾಕಿ ಮೈಕ್ ಕಟ್ಟುವುದಾದರೆ ಪೊಲೀಸ್ ಠಾಣೆಯಲ್ಲಿ ಲಿಖಿತ ಅನುಮತಿ ಪಡೆಯಿರಿ. ಇನ್ನೊಂದು, ಹಾಡಿನ ರಾಯಲ್ಟಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಝಡ್‌ಎ) ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಪಟ್ಟ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಪ್ರಕಟಣೆ ಹೊರಡಿಸಿ ಸ್ಪಷ್ಟ ಮಾಡಿತು. ಯಾರಾದರೂ ಲೈಸೆನ್ಸ್ ದುಡ್ಡು ಕೇಳಿದರೆ ಈ ಪ್ರಕಟಣೆ ತೋರಿಸಿ. ಮದುವೆ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕುವುದು ಮಾತ್ರ ಬೇರೆ ಮಾತು, ಅಲ್ಲಿ ಹಿನ್ನೆಲೆ ಹಾಡಿಗೆ ಕಾಪಿರೈಟ್ ಕ್ಲೇಮ್ ಬರಬಹುದು.

ವಾಲಗದ ಜಾಗ ವಾಲಗಕ್ಕೇ ಇರಲಿ

ದುಡ್ಡು ಉಳಿಸಲು ಹೊರಟು ವಾಲಗದವರನ್ನೂ ಬೇಡ ಅನ್ನಬೇಡಿ. ಇದು ನನ್ನ ಕಳಕಳಿಯ ವಿನಂತಿ. ಮಾಂಗಲ್ಯಧಾರಣೆಯ ಹೊತ್ತನ್ನು ನೆನಪಿಸಿಕೊಳ್ಳಿ. ನಾದಸ್ವರ ಮೆಲ್ಲಗೆ ನಡೆಯುತ್ತಿರುತ್ತದೆ. ಡೋಲು ಬಾರಿಸುವವರ ಕಣ್ಣು ಪುರೋಹಿತರ ಮೇಲೆ ನೆಟ್ಟಿರುತ್ತದೆ. ಅವರು ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂದ ಕ್ಷಣವೇ ಡೋಲು, ನಾದಸ್ವರ ಎರಡೂ ಒಮ್ಮೆಲೇ ಜೋರಾಗುತ್ತವೆ, ಅಕ್ಷತೆ ಬೀಳುತ್ತದೆ. ಮೂರನೇ ಗಂಟು ಬೀಳಲು ಎಷ್ಟು ಹೊತ್ತು ಹಿಡಿದರೂ ಅವರು ನಿಲ್ಲಿಸುವುದಿಲ್ಲ. ರೆಕಾರ್ಡಿಂಗ್‌ಗೆ ಪುರೋಹಿತರ ಕೈ ಕಾಣಿಸುವುದಿಲ್ಲ ಅಲ್ವಾ? ಕರಾವಳಿಯ ಮದುವೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವವರೂ ಸಿಗುತ್ತಾರೆ. ಆ ವಾದ್ಯಕ್ಕೆ ಕರ್ನಾಟಕ ಸಂಗೀತದಲ್ಲಿ ಜಾಗ ಗಳಿಸಿಕೊಟ್ಟ ಕದ್ರಿ ಗೋಪಾಲನಾಥ್ ಅವರು ಆ ಕಡೆಯವರೇ.

ವಾಲಗದವರು ಸಿಗಲೇ ಇಲ್ಲ ಅಂದರೆ ಗಟ್ಟಿಮೇಳದ ಫೈಲನ್ನು ಬೇರೆಯಾಗಿಟ್ಟು, ಮುಗಿದ ಮೇಲೆ ತಾನೇ ಮತ್ತೆ ಶುರುವಾಗುವಂತೆ ಮಾಡಿ. ಪುರೋಹಿತರು ಕಾಣುವ ಜಾಗದಲ್ಲಿ ಕುಳಿತೇ ಅದನ್ನು ಒತ್ತಬೇಕು.

ಹಾಡು ಆರಿಸುವುದು

ಆರತಕ್ಷತೆ 7ರಿಂದ 10ರವರೆಗೆ ಅಂದುಕೊಳ್ಳಿ. ಒಂದು ಸಿನಿಮಾ ಹಾಡು ನಾಲ್ಕೂವರೆ ನಿಮಿಷವಾದರೆ 40 ಹಾಡು ಹಿಡಿಯುತ್ತವೆ. 60 ಇಟ್ಟುಕೊಳ್ಳಿ. ಅರಿಶಿನ ಶಾಸ್ತ್ರ, ಜನ ಬರುವ ಹೊತ್ತು, ಮುಯ್ಯಿ ಕೊಡಲು ಸಾಲು ನಿಲ್ಲುವ ಹೊತ್ತು, ಊಟ, ಕುಣಿತ ಇವಕ್ಕೆಲ್ಲ ಬೇರೆ ಬೇರೆ ಪಟ್ಟಿ ಮಾಡಿ. ಜನ ಬರುವಾಗ ವೀಣೆಯೋ ಕೊಳಲೋ ಹಿತ. ಸಾಲು ನಿಂತಾಗ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಹಳೆಯ ಹಾಡುಗಳನ್ನು ಸಣ್ಣ ದನಿಯಲ್ಲಿ ಹಾಕಿ. ದೊಡ್ಡವರ ಮುಖ ಅರಳುತ್ತದೆ.

ಎರಡೂ ಮನೆಯವರನ್ನು ಕೇಳಿ. ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಉಡುಪಿ ಆದರೆ ಜನಪದವೂ ಬೇಕು, ತುಳು ಹಾಡೂ ಬೇಕು. ಬೀಗರ ಕಡೆಯ ಒಂದು ಹಾಡು ಕೇಳಿಸಿದರೆ ಅವರಿಗೆ ಆಗುವ ಖುಷಿ ದೊಡ್ಡದು. ಪ್ರತಿ ಹಾಡನ್ನೂ ಕೊನೆಯವರೆಗೂ ಕೇಳಿ, ಪದಗಳ ಮೇಲೆ ಗಮನ ಇರಲಿ. ರಾಗ ಇಂಪಾಗಿದ್ದು ಮಾತೆಲ್ಲ ಅಗಲಿಕೆಯದೇ ಆಗಿರುವ ಹಾಡುಗಳು ಬಹಳ ಇವೆ.

ಸೋಬಾನೆ ಬಲ್ಲ ಸೋದರತ್ತೆ, ದೊಡ್ಡಮ್ಮ ಯಾರಾದರೂ ಇದ್ದರೆ ಅರಿಶಿನದ ದಿನ, ಹಸೆಗೆ ಕೂರಿಸುವಾಗ ಅವರ ಕೈಗೆ ಮೈಕ್ ಕೊಡಿ. ಹಿಂದೆ ಯಾವ ಸಂಗೀತವೂ ಬೇಡ. ಒಬ್ಬರು ಹೇಳಿಕೊಟ್ಟಂತೆ ಉಳಿದವರು ದನಿಗೂಡಿಸುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಬಾಯಲ್ಲಿ ಮಾತ್ರ ಉಳಿದಿರುವ ಪದಗಳು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ವೈರು, ಫೋನು, ಸ್ಪೀಕರು

ಹಾಡುಗಳು ಲ್ಯಾಪ್‌ಟಾಪ್‌ನಲ್ಲೇ ಇರಲಿ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇರಲಿ. ಸ್ಟ್ರೀಮಿಂಗ್ ಆ್ಯಪ್‌ಗಳ ನಿಯಮ ಸ್ವಂತ ಬಳಕೆಗೆ ಮಾತ್ರ ಅನ್ನುತ್ತದೆ. ಪುಕ್ಕಟೆ ಖಾತೆಯಾದರೆ ನಡುವೆ ಜಾಹೀರಾತು ಬೇರೆ. ಹಾಲ್‌ನಲ್ಲಿ ನೆಟ್‌ವರ್ಕ್ ಕೈಕೊಡುವುದೂ ಉಂಟು. ಹಾಗಾಗಿ ಹಾಡುಗಳನ್ನು ಕೊಂಡು ಇಟ್ಟುಕೊಳ್ಳುವುದೇ ನೆಮ್ಮದಿ.

ಬ್ಲೂಟೂತ್ ನೆಚ್ಚಬೇಡಿ. ಅದರ ಸಿಗ್ನಲನ್ನು ಮನುಷ್ಯರ ಮೈ ಹೀರಿಕೊಳ್ಳುತ್ತದೆ. ಜನ ತುಂಬಿದಾಗ ಹಾಡು ಕಡಿದು ಕಡಿದು ಬರುತ್ತದೆ. ಮಿಕ್ಸರ್‌ಗೆ ಕೇಬಲ್ಲೇ ಹಾಕಿ. ಕೇಬಲ್ ಹಾಕಿದಾಗ ‘ಗುಂಯ್’ ಅಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಶಬ್ದ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ಅರ್ತ್ ಬೇರೆ ಬೇರೆ ಕಡೆ ಇರುವುದರಿಂದ ಬರುವ ಶಬ್ದ. ಲ್ಯಾಪ್‌ಟಾಪ್ ಮತ್ತು ಮಿಕ್ಸರನ್ನು ಒಂದೇ ಜಂಕ್ಷನ್ ಬಾಕ್ಸ್‌ಗೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಲ್ಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಸಾಧನ ಸಿಗುತ್ತದೆ. ಅರ್ತ್ ಪಿನ್ ಕಿತ್ತುಹಾಕುವ ಕೆಲಸ ಮಾತ್ರ ಬೇಡ, ಅದು ಜೀವಕ್ಕೆ ಅಪಾಯ.

ಸ್ಪೀಕರ್‌ಗಳು ಜನರ ತಲೆಗಿಂತ ಮೇಲೆ, ಮೈಕ್‌ಗಿಂತ ಮುಂದೆ ಇರಲಿ. ಮೈಕ್ ಹಿಡಿದವರು ಸ್ಪೀಕರ್ ಮುಂದೆ ಬಂದರೆ ‘ಕುಂಯ್’ ಅಂತ ಕೂಗುತ್ತದೆ. ಲ್ಯಾಪ್‌ಟಾಪ್‌ನ ನೋಟಿಫಿಕೇಶನ್, ಅಪ್‌ಡೇಟ್, ಸ್ಲೀಪ್ ಎಲ್ಲ ನಿಲ್ಲಿಸಿ. ಫೋನ್ ಬಳಸುವುದಾದರೆ ಏರೋಪ್ಲೇನ್ ಮೋಡ್ ಹಾಕಿ.

ಹಳೆಯ ರೆಕಾರ್ಡಿಂಗ್‌ಗಳ ದನಿ ಸಣ್ಣದು, ಹೊಸ ಹಾಡುಗಳದ್ದು ಜೋರು. ಪುಕ್ಕಟೆಯಾಗಿ ಸಿಗುವ ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಕೊಳ್ಳಿ.

ಆ ಸಂಜೆ

ಜನ ಬರುವ ಮುಂಚೆ ಹಾಡು ಹಾಕಿ ಹಾಲ್ ಪೂರ್ತಿ ಸುತ್ತಿ ಕೇಳಿ. ಖಾಲಿ ಹಾಲ್ ಗುಂಯ್‌ಗುಡುತ್ತದೆ, ಜನ ತುಂಬಿದ ಮೇಲೆ ಅದು ತಗ್ಗುತ್ತದೆ. ವೇದಿಕೆಯ ಮೇಲೆ ನಿಂತು ಪಕ್ಕದವರ ಜೊತೆ ಮಾಮೂಲಿ ದನಿಯಲ್ಲಿ ಮಾತಾಡಿ ನೋಡಿ. ಕೇಳಿಸದಿದ್ದರೆ ವಾಲ್ಯೂಮ್ ಇಳಿಸಿ.

ವಧೂವರರು ಒಳಗೆ ಬರುವ ಹಾಡನ್ನು ಸಿದ್ಧ ಇಟ್ಟುಕೊಂಡು ಫೋಟೊದವರ ಸನ್ನೆಗೆ ಕಾಯಿರಿ. ಅವರು ಕ್ಯಾಮೆರಾ ಹೊಂದಿಸುವ ಮುಂಚೆ ಶುರು ಮಾಡಿದರೆ ಎಲ್ಲರೂ ಮತ್ತೆ ಬಾಗಿಲಿಗೆ ಹೋಗಬೇಕಾಗುತ್ತದೆ. ಕುಣಿತದ ಹಾಡುಗಳನ್ನು ಕೊನೆಯ ಮುಕ್ಕಾಲು ಗಂಟೆಗೆ ಇಡಿ, ಅಷ್ಟು ಹೊತ್ತಿಗೆ ಹಿರಿಯರ ಊಟ ಆಗಿರುತ್ತದೆ. ಮಕ್ಕಳು ಕೇಳುವ ಹಾಡಿನಿಂದ ಶುರು ಮಾಡಿ. ಮಕ್ಕಳು ಇಳಿದರೆ ದೊಡ್ಡವರೂ ಇಳಿಯುತ್ತಾರೆ. 9.45ಕ್ಕೆ ಕೊನೆಯ ಹಾಡು ಅಂತ ಮೈಕ್‌ನಲ್ಲಿ ಹೇಳಿಬಿಡಿ. ಬಾಡಿಗೆಯ ಕೇಬಲ್, ಮೈಕ್, ಸ್ಟ್ಯಾಂಡ್‌ಗಳನ್ನು ತಂದ ದಿನದ ಚೀಟಿ ಹಿಡಿದು ಎಣಿಸಿ, ಛತ್ರದ ಬೀಗ ಹಾಕುವ ಮುಂಚೆಯೇ ಗಾಡಿಗೆ ಹಾಕಿಸಿ.