ನೆಟ್ ಕನೆಕ್ಷನ್‌ಗೆ ಸಿಬಿಲ್ ನೋಡುತ್ತಾರೆಯೇ? ಸಹಿಗೆ ಮೊದಲು ಕೇಳುವ ಬಗೆ

ಮಂಗಳೂರು, ಉಡುಪಿ ಕಡೆ ಮನೆಗೆ ಫೈಬರ್ ಎಳೆಸುವಾಗ ಸ್ಪೀಡ್ ಎಷ್ಟು, ಮಳೆಗಾಲದಲ್ಲಿ ಕೈಕೊಡುತ್ತದಾ ಎಂದು ಎಲ್ಲರೂ ವಿಚಾರಿಸುತ್ತಾರೆ. ಸಾಲ, ಬಿಲ್ ಸರಿಯಾಗಿ ಕಟ್ಟಿದ್ದೀರಾ ಎಂದು ಸಿಬಿಲ್‌ನಂಥ ಸಂಸ್ಥೆಗಳು ಇಡುವ ದಾಖಲೆಯೇ ಕ್ರೆಡಿಟ್ ವರದಿ. ಅದರ ಮಾತು ಬರುವುದು ಸಹಿ ಬಿದ್ದ ಮೇಲೆ.

ಮೊದಲು ಪ್ಲಾನ್ ಪ್ರೀಪೇಯ್ಡಾ ಪೋಸ್ಟ್‌ಪೇಯ್ಡಾ ನೋಡಿ. ಮುಂಗಡ ಕಟ್ಟಿ ಬಳಸುವ ಕಡೆ ಸಾಲದ ಪ್ರಶ್ನೆಯೇ ಇಲ್ಲ, ವರದಿ ತೆಗೆಸಲು ಕಾರಣವೂ ಇಲ್ಲ. ತಿಂಗಳಿಡೀ ಬಳಸಿ ಆಮೇಲೆ ಬಿಲ್ ಕಟ್ಟುವುದಾದರೆ ಅದು ಸಣ್ಣ ಸಾಲವೇ. ಬ್ಯಾಂಕುಗಳಂತೆ ಫೋನ್ ಕಂಪನಿಗಳೂ ಕ್ರೆಡಿಟ್ ಸಂಸ್ಥೆಗಳ ಸದಸ್ಯರಾಗಬಹುದು. ಬಾಕಿ ಉಳಿಸಿದ ಬ್ರಾಡ್‌ಬ್ಯಾಂಡ್ ಬಿಲ್ ವರದಿಯಲ್ಲಿ ಕೂರಬಹುದು.

ಹೆಚ್ಚಿನವರು ಎಡವುವುದು ಪ್ರಶ್ನೆ ಕೇಳುವ ರೀತಿಯಲ್ಲಿ. "ಸಿಬಿಲ್ ನೋಡ್ತೀರಾ?" ಎಂದರೆ ಬಾಗಿಲಿಗೆ ಬಂದ ಹುಡುಗ "ಹಾಗೆಂತ ಇಲ್ಲ ಮಾರಾಯ್ರೆ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಗೊತ್ತಿಲ್ಲ ಅಷ್ಟೆ. ಅಲ್ಲದೆ ಸಿಬಿಲ್ ಒಂದೇ ಅಲ್ಲ, ಇಂಥ ಸಂಸ್ಥೆಗಳು ನಾಲ್ಕಿವೆ. ಆದ್ದರಿಂದ ಕಂಪನಿಯ ಗ್ರಾಹಕ ಸೇವೆಯ ಇಮೇಲ್‌ಗೆ ಅಥವಾ ಅಧಿಕೃತ ವಾಟ್ಸಾಪ್‌ಗೆ ಹೀಗೆ ಬರೆಯಿರಿ:

"ಈ ಕನೆಕ್ಷನ್‌ಗಾಗಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಇವುಗಳಲ್ಲಿ ಯಾವುದರಿಂದಲಾದರೂ ನನ್ನ ವರದಿ ತೆಗೆಸುತ್ತೀರಾ? ತೆಗೆಸಿದರೆ ಎನ್‌ಕ್ವಯರಿ ಎಂದು ದಾಖಲಾಗುತ್ತದೆಯೇ? ಸ್ಕೋರ್ ಕಡಿಮೆಯಿದ್ದರೆ ಡೆಪಾಸಿಟ್ ಎಷ್ಟು, ಯಾವಾಗ ವಾಪಸ್? ಬಿಲ್ ಬಾಕಿಯಾದರೆ ಎಷ್ಟು ದಿನದ ನಂತರ ವರದಿ ಮಾಡುತ್ತೀರಿ?"

ಎನ್‌ಕ್ವಯರಿ ಎಂದರೆ ನಿಮ್ಮ ವರದಿಯನ್ನು ಯಾರು ತೆಗೆಸಿ ನೋಡಿದರು ಎಂಬ ನಮೂದು; ಸ್ಕೋರ್ ಎಂದರೆ ಆ ವರದಿ ನೋಡಿ ಕೊಡುವ ಅಂಕ. ಉತ್ತರ ಬಂದ ಮೇಲೆಯೇ ಫಾರ್ಮ್ ಮುಟ್ಟಿ. ಅದರಲ್ಲಿ "ಕ್ರೆಡಿಟ್ ಇನ್ಫರ್ಮೇಶನ್ ಕಂಪನಿ" (ಸಿಬಿಲ್‌ನಂಥ ಸಂಸ್ಥೆಗಳ ಅಧಿಕೃತ ಹೆಸರು) ಎಂಬ ಪದ ಎಲ್ಲಿದೆ ಎಂದು ಹುಡುಕಿ. ಅದು ಸಾಮಾನ್ಯವಾಗಿ ಸಹಿಯ ಮೇಲಿನ ಸಣ್ಣಕ್ಷರದಲ್ಲಿ ಇರುತ್ತದೆ. ಆನ್‌ಲೈನ್ ಆದರೆ ಟಿಕ್ ಹಾಕುವ ಚೌಕದ ಪಕ್ಕದಲ್ಲೇ. ಓಟಿಪಿ ಹೇಳುವ ಮೊದಲು ಆ ಎಸ್‌ಎಂಎಸ್ ಪೂರ್ತಿ ಓದಿ, ಯಾವುದಕ್ಕೆ ಒಪ್ಪಿಗೆ ಕೇಳಿದ್ದಾರೆ ಎಂದು ಅದರಲ್ಲೇ ಇರಬಹುದು. ಪ್ಯಾನ್ ಕೇಳಿದರೆ ಕಾರಣ ವಿಚಾರಿಸಿ, ಏಕೆಂದರೆ ಕ್ರೆಡಿಟ್ ವರದಿ ಹುಡುಕಲು ಅದೇ ಮುಖ್ಯ ಕೀಲಿ.

ಇನ್ನೊಂದು ಕಡೆ ಜಾಗ್ರತೆ ಬೇಕು: ಕನೆಕ್ಷನ್ ಜೊತೆಗೆ ಟಿವಿಯನ್ನೋ ದುಬಾರಿ ರೂಟರನ್ನೋ "ನೋ ಕಾಸ್ಟ್ ಇಎಂಐ"ಯಲ್ಲಿ ಕೊಡುತ್ತೇವೆ ಎಂಬ ಆಫರ್. ಅದರ ಹಿಂದೆ ಹೆಚ್ಚಾಗಿ ಒಂದು ಫೈನಾನ್ಸ್ ಕಂಪನಿಯ ಸಾಲವಿರುತ್ತದೆ. ಹಾಗಿದ್ದರೆ ಎನ್‌ಕ್ವಯರಿಯೂ ಬೀಳುತ್ತದೆ, ಸಾಲದ ಖಾತೆಯೂ ತೆರೆಯುತ್ತದೆ. ಬೇಡದಿದ್ದರೆ ಬಿಟ್ಟುಬಿಡಿ; ಬರೇ ಕನೆಕ್ಷನ್ ಸಾಕು ಎಂದು ಬರೆದುಕೊಡಿ.

ಮಣಿಪಾಲ, ದೇರಳಕಟ್ಟೆಯಲ್ಲಿ ರೂಮು ಮಾಡಿರುವ ವಿದ್ಯಾರ್ಥಿಗಳಿಗೆ ಸ್ಕೋರ್ ಜಾಗದಲ್ಲಿ "ಎನ್‌ಎಚ್" ಅಥವಾ -1 ಬರಬಹುದು. ಸಾಲದ ಇತಿಹಾಸವೇ ಇಲ್ಲ ಎಂದಷ್ಟೇ ಅದರ ಅರ್ಥ, ಕೆಟ್ಟ ಸ್ಕೋರ್ ಅಲ್ಲ. ಇವರ ನಿಜವಾದ ತೊಂದರೆ ಬೇರೆ. ನಾಲ್ವರು ಬಳಸುವ ಪೋಸ್ಟ್‌ಪೇಯ್ಡ್ ಕನೆಕ್ಷನ್ ಒಬ್ಬನ ಹೆಸರಲ್ಲಿರುತ್ತದೆ, ಕೋರ್ಸ್ ಮುಗಿದಾಗ ಎಲ್ಲರೂ ಊರಿಗೆ ಹೋಗುತ್ತಾರೆ, ಬಿಲ್ ಓಡುತ್ತಲೇ ಇರುತ್ತದೆ. ಹೊರಡುವ ಮೊದಲು ಬರಹದಲ್ಲಿ ಕನೆಕ್ಷನ್ ರದ್ದು ಮಾಡಿಸಿ. ವೈಫೈ ಬಾಕ್ಸ್, ಅಡಾಪ್ಟರ್ ಎರಡನ್ನೂ ಹಿಂದಿರುಗಿಸಿ, ಬಾಕ್ಸಿನ ಅಡಿಯಲ್ಲಿರುವ ಸೀರಿಯಲ್ ನಂಬರ್ ಬರೆದ ರಸೀದಿ ಪಡೆಯಿರಿ. ಬಾಕಿ ಇಲ್ಲ ಎಂಬ ಪತ್ರವನ್ನೂ ಕೇಳಿ.

ಕನೆಕ್ಷನ್ ಬಂದ ಒಂದೆರಡು ತಿಂಗಳಿಗೆ ನಿಮ್ಮ ವರದಿ ತೆಗೆದು ನೋಡಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಎನ್‌ಕ್ವಯರಿ ಭಾಗದಲ್ಲಿ ಯಾರು, ಯಾವ ದಿನ ಎಂದಿರುತ್ತದೆ. ನೀವು ಒಪ್ಪಿಗೆ ಕೊಡದವರ ಹೆಸರು ಕಂಡರೆ ವರದಿ ಕೊಟ್ಟ ಕ್ರೆಡಿಟ್ ಸಂಸ್ಥೆಯ ವೆಬ್‌ಸೈಟ್‌ನಲ್ಲೇ ದೂರು ಹಾಕಿ, ಕಂಪನಿ ಕೊಟ್ಟ ಉತ್ತರದ ಸ್ಕ್ರೀನ್‌ಶಾಟನ್ನೂ ಜೊತೆಗಿಡಿ. 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.